ಅಂಚಿನ ಚುಕ್ಕಿಗಳು

ಆ ಮುದ್ರಣಾಲಯದಲ್ಲಿ ಪ್ರೂಫ್ ನೋಡುವ ಕೋಣೆ ಮೊದಲ ಮಹಡಿಯ ಹಿಂಭಾಗದಲ್ಲಿತ್ತು. ಕೆಳಗೆ ಯಂತ್ರಗಳು ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಬಳೆಯಂಥ ಅಲೆ ಏಳುತ್ತಿತ್ತು. ನಾಲ್ಕು ಮೇಜು, ಎಂಟು ಕುರ್ಚಿ. ಪ್ರತಿ ಮೇಜಿಗೆ ಇಬ್ಬರು. ಒಬ್ಬರು ಗಿರಾಕಿ ಕೊಟ್ಟ ಮೂಲ ಕಾಪಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾಗಿ ಬಂದ ಪ್ರೂಫಿನ ಮೇಲೆ ಕಣ್ಣಿಟ್ಟು, ಪೆನ್ಸಿಲ್ ಹಿಡಿದು, ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆ ನೋಡುವುದು. ಔಷಧದ ಪ್ರಮಾಣದ ಪಟ್ಟಿ, ರೈಲಿನ ವೇಳಾಪಟ್ಟಿ, ಕಾನೂನಿನ ಪುಸ್ತಕ, ಹೀಗೆ ಒಂದು ಸೊನ್ನೆ ಜಾರಿದರೂ ಯಾರದೋ ಕುತ್ತಿಗೆಗೆ ಬರುವಂಥ ಕೆಲಸಗಳೇ ಅಲ್ಲಿಗೆ ಬರುತ್ತಿದ್ದುದರಿಂದ, ಕಂಪ್ಯೂಟರ್ ಬಂದ ಮೇಲೂ ಈ ಪದ್ಧತಿ ಹೋಗಿರಲಿಲ್ಲ.

ಓದುವವರು ನಾಲ್ವರೂ ಹೆಂಗಸರು. ಪೆನ್ಸಿಲ್ ಹಿಡಿಯುವವರು ನಾಲ್ವರೂ ಗಂಡಸರು. ಹೀಗೇ ಇರಬೇಕೆಂದು ಎಲ್ಲೂ ಬರೆದಿರಲಿಲ್ಲ. ಹೆಣ್ಣಿನ ದನಿ ಕೇಳೋಕೆ ಹಿತ, ಗಂಡಸಿನ ಕಣ್ಣು ಚುರುಕು ಎಂದು ಮ್ಯಾನೇಜರು ಹೇಳುತ್ತಿದ್ದರು. ಅವರಿಗೆ ಅದನ್ನು ಹಿಂದಿನ ಮ್ಯಾನೇಜರು ಹೇಳಿದ್ದರು. ಪೆನ್ಸಿಲಿನವರ ಕುರ್ಚಿಗೆ ಮೆತ್ತೆಯಿತ್ತು, ಕೈಯೂರಲು ತೋಳಿತ್ತು. ಓದುವವರ ಕುರ್ಚಿಗೆ ಎರಡೂ ಇರಲಿಲ್ಲ. ಓದುವವರನ್ನೆಲ್ಲ ‘ಓದಮ್ಮ’ ಎಂದೇ ಕರೆಯುವುದು ರೂಢಿ. ಒಂದನೇ ಮೇಜಿನ ಓದಮ್ಮ, ಎರಡನೇ ಮೇಜಿನ ಓದಮ್ಮ.

ಓದುವುದೆಂದರೆ ಕತೆ ಓದಿದ ಹಾಗಲ್ಲ. ಅಲ್ಪವಿರಾಮ ಬಂದರೆ ‘ಅಲ್ಪ’, ಪೂರ್ಣವಿರಾಮಕ್ಕೆ ‘ಪೂರ್ಣ’, ಪ್ರಶ್ನೆಯ ಗುರುತಿಗೆ ‘ಪ್ರಶ್ನೆ’, ಆವರಣಕ್ಕೆ ‘ತೆರೆ’ ಮತ್ತು ‘ಮುಚ್ಚು’. ದನಿಯಲ್ಲಿ ಭಾವ ಇರಬಾರದು. ಭಾವ ಬಂದರೆ ಕೇಳುವವನು ಅರ್ಥದ ಹಿಂದೆ ಹೋಗಿ ಅಕ್ಷರ ಬಿಟ್ಟುಬಿಡುತ್ತಾನೆ. ಗೋಡೆಯ ಮೇಲೆ ಎರಡು ನಿಯಮಗಳನ್ನು ಅಚ್ಚು ಹಾಕಿಸಿ ಅಂಟಿಸಿದ್ದರು. ಕಾಗದದ ಮೇಲಿರುವುದನ್ನೆಲ್ಲ ಓದಬೇಕು, ಅಂಚಿನಲ್ಲಿ ಬರೆದದ್ದನ್ನೂ ಬಿಡಬಾರದು. ಓದಿ ಮುಗಿದ ಮೇಲೆ ನಮ್ಮವರು ಕಾಪಿಯ ಮೇಲೆ ಹಾಕಿದ ಪೆನ್ಸಿಲ್ ಗುರುತನ್ನೆಲ್ಲ ಅಳಿಸಿ, ಗಿರಾಕಿಯ ಕಾಗದ ಹೇಗೆ ಬಂದಿತ್ತೋ ಹಾಗೇ ಚೊಕ್ಕಟವಾಗಿ ಇಡಬೇಕು. ಅಳಿಸುವುದು ಓದಮ್ಮಂದಿರ ಕೆಲಸ.

ಒಂದನೇ ಮೇಜಿನ ಓದಮ್ಮನಿಗೆ ಮೂವತ್ತನಾಲ್ಕು ವರ್ಷ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ದಿನಕ್ಕೆ ಆರು ಗಂಟೆ ಓದಿ ಮನೆಗೆ ಹೋದರೆ ತಾಯಿ ಕೇಳಿದ್ದಕ್ಕೆ ತಲೆಯಾಡಿಸುವಷ್ಟೇ ತ್ರಾಣ ಉಳಿಯುತ್ತಿತ್ತು.

“ಏನೇ, ಬಾಯಿ ಆಫೀಸಲ್ಲೇ ಬಿಟ್ಟು ಬಂದ್ಯಾ?” ಎನ್ನುತ್ತಿದ್ದಳು ಅತ್ತಿಗೆ. “ಉಪ್ಪು ಸರಿಯಾಗಿದೆಯಾ, ಅದನ್ನಾದ್ರೂ ಹೇಳು.”

“ಸರಿಯಾಗಿದೆ. ಪೂರ್ಣ.”

ಅತ್ತಿಗೆ ನಕ್ಕು ಸೌಟಿನಿಂದ ಪಾತ್ರೆಯ ಅಂಚು ಬಡಿಯುತ್ತಿದ್ದಳು. “ನೋಡಿ ಅತ್ತೆ, ನಿಮ್ಮ ಮಗಳು ಊಟಕ್ಕೂ ಚುಕ್ಕಿ ಇಟ್ಟಳು.”

ಹಿಂದಿನ ವರ್ಷ ಗಂಟಲಿನ ಡಾಕ್ಟರು ಅವಳ ಬಾಯಿಗೆ ಬೆಳಕು ಬಿಟ್ಟು ನೋಡಿ, ದನಿತಂತುವಿನ ಮೇಲೆ ಎರಡು ಸಣ್ಣ ಗಂಟುಗಳಿವೆ ಎಂದಿದ್ದರು. ಹೀಗೇ ಓದುತ್ತಾ ಹೋದರೆ ಇನ್ನೆರಡು ವರ್ಷ. ಆಮೇಲೆ ದನಿ ಇರುತ್ತದೆ, ಕೆಲಸಕ್ಕೆ ಬರುವ ದನಿಯಾಗಿರುವುದಿಲ್ಲ. ದನಿ ಹೋದ ಓದಮ್ಮನಿಗೆ ಮುದ್ರಣಾಲಯದಲ್ಲಿ ಬೇರೆ ಜಾಗವಿರಲಿಲ್ಲ. ಹಿಂದೆ ಇಬ್ಬರು ಹಾಗೆ ಮನೆಗೆ ಹೋಗಿದ್ದರು. ಅವಳು ಉಳಿಯಬೇಕೆಂದರೆ ಮೇಜಿನ ಆಚೆ ಬದಿಗೆ ಹೋಗಬೇಕಿತ್ತು. ಪೆನ್ಸಿಲಿನ ಕುರ್ಚಿಗೆ.

ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದವರು ಚುಕ್ಕಿ ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ತಪ್ಪು ಹಿಡಿಯುವವರನ್ನು ಮೇಷ್ಟ್ರು ಎನ್ನದೆ ಇನ್ನೇನೆನ್ನುವುದು? ಚುಕ್ಕಿ ಎಂಬುದು ಅವರ ಒಂದು ಅಭ್ಯಾಸದಿಂದ ಬಂದದ್ದು. ಮನೆಯಲ್ಲಿ ಹಿರಿಯರು ದಿನವೂ ಪದ್ಯ ಓದುವುದನ್ನು ಬಾಗಿಲಿಗೊರಗಿ ಕೇಳಿ ಬೆಳೆದ ಕಿವಿ ಅವರದು. ಓದುವವರು ನಿಲ್ಲಬಾರದ ಕಡೆ ನಿಂತರೆ ಅವರಿಗೆ ನಡೆಯುವಾಗ ಮೆಟ್ಟಿಲು ತಪ್ಪಿದಂತಾಗುತ್ತಿತ್ತು. ಹಾಗೆ ನಿಂತ ಕಡೆಯೇ ಸಾಲು ಬಿಟ್ಟುಹೋಗುವುದು ಹೆಚ್ಚು ಎಂದು ಅನುಭವದಿಂದ ತಿಳಿದು, ಪ್ರೂಫಿನ ಅಂಚಿನಲ್ಲಿ ಆ ಸಾಲಿನ ನೇರಕ್ಕೆ ಒಂದು ಸಣ್ಣ ಚುಕ್ಕಿ ಇಡುತ್ತಿದ್ದರು. ಮಧ್ಯಾಹ್ನ ಚುಕ್ಕಿಯಿದ್ದ ಸಾಲುಗಳನ್ನಷ್ಟೇ ಕಾಪಿಯೊಂದಿಗೆ ಇನ್ನೊಮ್ಮೆ ಕಣ್ಣಲ್ಲಿ ನೋಡುತ್ತಿದ್ದರು. ಸಾಲು ಸರಿಯಿದ್ದರೆ ಮುಂದೆ ಹೋಗುತ್ತಿದ್ದರು. ಚುಕ್ಕಿ ಅಲ್ಲೇ ಇರುತ್ತಿತ್ತು.

“ಮೇಷ್ಟ್ರೇ, ನಿಮ್ಮ ಪ್ರೂಫಿಗೆ ಸಿಡುಬು ಎದ್ದಿದೆ,” ಎಂದು ಮೂರನೇ ಮೇಜಿನ ಪೆನ್ಸಿಲಿನವನು ಹಾಸ್ಯ ಮಾಡುತ್ತಿದ್ದ.

“ಏಳಲಿ ಬಿಡಪ್ಪಾ. ಸತ್ತಿಲ್ವಲ್ಲ,” ಎನ್ನುತ್ತಿದ್ದರು ಅವರು.

ಮೇಷ್ಟ್ರು ಆ ವರ್ಷ ನಿವೃತ್ತರಾಗುವವರಿದ್ದರು. ಅವಳು ಒಂಬತ್ತು ತಿಂಗಳು ಮೊದಲೇ ಅವರ ಕುರ್ಚಿಗೆ ಅರ್ಜಿ ಕೊಟ್ಟಳು. ಶಿಫಾರಸು ಮಾಡಬೇಕಾದವನು ಪ್ರೂಫ್ ಕೋಣೆಯ ಮೇಲ್ವಿಚಾರಕ. ನಲವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಯಾರನ್ನೂ ಏರಿದ ದನಿಯಲ್ಲಿ ಮಾತಾಡಿಸದವನು. ಕೋಣೆಯ ಮೂಲೆಯಲ್ಲಿ ಗಾಜಿನ ಗೋಡೆಯ ಹಿಂದೆ ಅವನ ಜಾಗ. ಬಂದ ಕಾಪಿಯನ್ನೆಲ್ಲ ಮೊದಲು ಅವನೇ ನೋಡಿ, ಇದು ದಪ್ಪ ಅಕ್ಷರ, ಇಲ್ಲಿ ಹೊಸ ಪ್ಯಾರಾ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಅಚ್ಚಿಗೆ ಕಳಿಸಿ, ಪ್ರೂಫ್ ಬಂದ ಮೇಲೆ ಕಾಪಿಯನ್ನೂ ತಾನೇ ಮೇಜುಗಳಿಗೆ ಹಂಚುತ್ತಿದ್ದ.

ಅರ್ಜಿ ಕೊಟ್ಟ ಮರುವಾರ ವೇಳಾಪಟ್ಟಿಯೊಂದರ ಅಂಚಿನಲ್ಲಿ ‘ಇವತ್ತು ದನಿ ಚೆನ್ನಾಗಿದೆ’ ಎಂದಿತ್ತು. ಅವಳು ಒಂದು ಕ್ಷಣ ತಡೆದು, ಅದನ್ನು ಬಿಟ್ಟು ಮುಂದೆ ಓದಿದಳು. ಮಧ್ಯಾಹ್ನ ಉಳಿದ ಗುರುತುಗಳ ಜೊತೆ ಅಳಿಸಿದಳು. ಮತ್ತೊಂದು ವಾರ ‘ಆ ನೀಲಿ ಬಟ್ಟೆ ಮತ್ತೆ ಯಾವಾಗ?’ ಆಮೇಲೆ, ‘ಕಣ್ಣು ಮುಚ್ಚಿಕೊಂಡು ನಿಮ್ಮ ದನಿ ಕೇಳಿದರೆ ಏನೇನೋ ಕಾಣುತ್ತದೆ.’ ಆಮೇಲಿನವು ಅದಕ್ಕಿಂತ ಕೆಳಗಿನವು. ಗಾಜಿನ ಹಿಂದಿನಿಂದ ಅವನು ನೋಡುತ್ತಿರಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಅವಳು ಯಾವ ಸಾಲಿಗೆ ಬಂದಿದ್ದಾಳೆಂದು ದನಿಯೇ ಅವನಿಗೆ ಹೇಳುತ್ತಿತ್ತು. ಅವಳು ತಡೆಯುತ್ತಿದ್ದಳು, ನುಂಗುತ್ತಿದ್ದಳು, ಮುಂದಿನ ಸಾಲು ಹಿಡಿಯುತ್ತಿದ್ದಳು. ಎದುರಿಗೆ ಮೇಷ್ಟ್ರು ತಲೆಯೆತ್ತದೆ ಒಂದು ಚುಕ್ಕಿ ಇಡುತ್ತಿದ್ದರು. ಮಧ್ಯಾಹ್ನ ಅವರು ಕಾಪಿ ಇಸಿದುಕೊಳ್ಳುವ ಹೊತ್ತಿಗೆ ಅಂಚು ಬೆಳ್ಳಗಿರುತ್ತಿತ್ತು.

ಹೀಗೆ ಏಳು ತಿಂಗಳು. ಒಮ್ಮೆ ಅವಳು ಗಾಜಿನ ಬಾಗಿಲು ತಟ್ಟಿ ಒಳಗೆ ಹೋದಳು.

“ಸರ್, ಅಂಚಲ್ಲಿ ಬರೀಬೇಡಿ.”

“ಏನು ಬರೆದೆ? ತೋರಿಸಿ,” ಎಂದ ಅವನು, ಬಹಳ ಮೃದುವಾಗಿ. ಅವಳ ಕೈಯಲ್ಲಿ ಇದ್ದದ್ದು ರಬ್ಬರ್ ಒಂದೇ. “ನಿಮ್ಮ ಅರ್ಜಿ ಇಲ್ಲೇ ಇದೆ. ಹೆಣ್ಣುಮಕ್ಕಳಿಗೆ ಆ ಕುರ್ಚಿ ಇಲ್ಲೀತನಕ ಯಾರೂ ಕೊಟ್ಟಿಲ್ಲ, ಗೊತ್ತಲ್ಲ? ನಾನು ಕೊಡಬೇಕು ಅಂದ್ರೆ ನಂಗೂ ಏನಾದ್ರೂ ಕಾರಣ ಬೇಕಲ್ವಾ?”

ಸಾಬೂನು ಕಾರ್ಖಾನೆಯೊಂದು ತನ್ನ ನೌಕರರಿಗೆ ಹಂಚಲು ನಿಯಮಗಳ ಕೈಪಿಡಿ ಅಚ್ಚಿಗೆ ಕೊಟ್ಟಿತ್ತು. ಒಂದು ಬುಧವಾರ ಬೆಳಗ್ಗೆ ಅದು ಒಂದನೇ ಮೇಜಿಗೆ ಬಂತು. ರಜೆ, ಸಮವಸ್ತ್ರ, ಬೆಂಕಿ ಬಿದ್ದರೆ ಯಾವ ಬಾಗಿಲು, ಎಲ್ಲ ಮುಗಿದು ಹನ್ನೊಂದರ ಹೊತ್ತಿಗೆ ಏಳನೇ ಅಧ್ಯಾಯ ಬಂತು.

“ಅಧ್ಯಾಯ ಏಳು, ದಪ್ಪ ಅಕ್ಷರ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ, ಪೂರ್ಣ. ಹೊಸ ಪ್ಯಾರಾ. ಇಷ್ಟವಿಲ್ಲವೆಂದು ಗೊತ್ತಿದ್ದೂ ಆಡುವ ಮಾತು ಅಲ್ಪ ಬರೆಯುವ ಬರಹ ಅಲ್ಪ ಮಾಡುವ ಸನ್ನೆ ಅಲ್ಪ ಮುಟ್ಟುವುದು ಅಲ್ಪ ಇವೆಲ್ಲವೂ ಕಿರುಕುಳವೇ ಪೂರ್ಣ. ಮುಟ್ಟದಿದ್ದರೆ ಕಿರುಕುಳವಲ್ಲ ಎಂಬುದು ತಪ್ಪು ತಿಳಿವಳಿಕೆ ಪೂರ್ಣ.”

ಮೇಷ್ಟ್ರ ಪೆನ್ಸಿಲ್ ಸಾಲಿನ ಕೆಳಗೆ ಸರಿಯುತ್ತಿತ್ತು.

“ಹೊಸ ಪ್ಯಾರಾ. ಬಡ್ತಿ ಕೊಡುವುದಾಗಿ ಆಸೆ ತೋರಿಸಿ ಅಲ್ಪ ಅಥವಾ ತಪ್ಪಿಸುವುದಾಗಿ ಹೆದರಿಸಿ ಅಲ್ಪ ಅದರ ಬದಲಿಗೆ ಸಲಿಗೆ ಬಯಸುವುದು ಕಿರುಕುಳ ಪೂರ್ಣ.”

ಇಲ್ಲಿ ಅವಳು ನಿಲ್ಲಲಿಲ್ಲ. ಅದೇ ದನಿಯಲ್ಲಿ, ಅದೇ ಓಟದಲ್ಲಿ ಓದಿದಳು:

“ಅಂಚಿನಲ್ಲಿ, ಪೆನ್ಸಿಲ್. ಇದನ್ನೆಲ್ಲ ತಲೆಗೆ ಹಾಕ್ಕೋಬೇಡಿ ಪೂರ್ಣ. ಕುರ್ಚಿ ಬೇಕೋ ಬೇಡವೋ ಪ್ರಶ್ನೆ. ಶನಿವಾರ ಎಲ್ಲರೂ ಹೋದ ಮೇಲೆ ನಿಲ್ಲಿ ಪೂರ್ಣ. ಈ ಸಲ ಇಲ್ಲ ಅಂದರೆ ಅರ್ಜಿ ಹರಿದು ಹಾಕ್ತೀನಿ ಪೂರ್ಣ.”

“ತಡಿ ತಡಿ,” ಎಂದರು ಮೇಷ್ಟ್ರು ತಲೆಯೆತ್ತದೆ. “ಪ್ರೂಫಲ್ಲಿ ಇದು ಬಿಟ್ಟುಹೋಗಿದೆ.” ಸಾಲು ಬಿಟ್ಟುಹೋದ ಗುರುತು ಹಾಕಿ, ಕಾಪಿಯಲ್ಲಿ ಇರುವುದನ್ನು ಪ್ರೂಫಿಗೆ ಸೇರಿಸುವ ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ, ‘ಇದನ್ನೆಲ್ಲ ತಲೆಗೆ ಹಾಕ್ಕೋಬೇಡಿ. ಕುರ್ಚಿ ಬೇಕೋ’ ಎಂದು ಅಂಚಿನಲ್ಲಿ ದುಂಡಗೆ ಬರೆದರು. ‘ಕುರ್ಚಿ’ ಎಂಬಲ್ಲಿಗೆ ಅವರ ಕೈ ನಿಧಾನವಾಯಿತು. ‘ಬೇಕೋ’ ಆದ ಮೇಲೆ ನಿಂತಿತು.

ಉಳಿದ ಮೂರು ಮೇಜುಗಳಲ್ಲೂ ಓದು ನಿಂತಿತ್ತು. ಗಾಜಿನ ಹಿಂದೆ ಮೇಲ್ವಿಚಾರಕ ಎದ್ದು ನಿಂತ.

ಅವಳು ರಬ್ಬರನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದಳು. ಕಾಪಿಯ ಆ ಹಾಳೆಯನ್ನು ತೆಗೆದುಕೊಂಡು ಮಹಡಿ ಇಳಿದು ಬೈಂಡಿಂಗ್ ವಿಭಾಗಕ್ಕೆ ಹೋದಳು. ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಹೆಂಗಸರ ದೂರು ಕೇಳುವ ಸಮಿತಿಗೆ ಆಕೆ ಅಧ್ಯಕ್ಷೆ ಎಂದು ನೋಟಿಸ್ ಬೋರ್ಡಿನಲ್ಲಿ ಐದು ವರ್ಷದಿಂದ ಇತ್ತು. ಇದುವರೆಗೆ ಒಂದೂ ದೂರು ಬಂದಿರಲಿಲ್ಲ. ಹೊಲಿಗೆಯಕ್ಕ ಕೈಯಲ್ಲಿದ್ದ ಅಂಟನ್ನು ಒರೆಸಿಕೊಂಡು ಓದಿದಳು, ಇನ್ನೊಮ್ಮೆ ಓದಿದಳು.

“ಕೂತ್ಕೋ ತಂಗಿ,” ಎಂದಳು. “ಮೊದಲು ನೀರು ಕುಡಿ. ಆಮೇಲೆ ಒಂದೂ ಬಿಡದೆ ಬರಿ.”

ಮನೆಯಲ್ಲಿ ತಾಯಿ ಗೋಡೆಗೆ ಒರಗಿ ಎಲ್ಲ ಕೇಳಿದರು. “ಇಷ್ಟು ದಿನ ಅಳಿಸ್ತಿದ್ದೆಯಲ್ಲಮ್ಮಾ, ಇನ್ನೊಂದ್ಸಲ ಅಳಿಸಿದ್ರೆ ಆಗ್ತಿರಲಿಲ್ವಾ? ಈಗ ಕುರ್ಚಿನೂ ಹೋಯ್ತು, ಹೆಸರೂ ಹೋಯ್ತು.”

“ಹೆಸರು ಹೋಗಬೇಕಾದ್ದು ಬರೆದವನದು ಅತ್ತೆ, ಓದಿದವಳದಲ್ಲ,” ಎಂದಳು ಅತ್ತಿಗೆ. ನಾದಿನಿಯ ಕಡೆ ತಿರುಗಿ, “ಏಳು ತಿಂಗಳು ನನ್ನ ಎದುರಿಗೇ ಕೂತು ಊಟ ಮಾಡಿದ್ದೀಯಲ್ಲೇ. ಒಂದು ಮಾತು ಹೇಳಬಾರದಾಗಿತ್ತಾ? ನಾನೇನು ಗೋಡೆನಾ?” ಎಂದಳು. ಅವಳ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಸಮಿತಿಯಲ್ಲಿ ಹೊಲಿಗೆಯಕ್ಕ, ಮ್ಯಾನೇಜರು, ಹೊರಗಿನಿಂದ ಬಂದ ಒಬ್ಬ ವಕೀಲೆ ಇದ್ದರು. ಮೇಲ್ವಿಚಾರಕ ಬರೆದದ್ದು ತಾನೇ ಎಂದು ಒಪ್ಪಿಕೊಂಡ. ತಮಾಷೆಗೆ ಎಂದ. ಆ ಅಧ್ಯಾಯ ಓದುತ್ತಾ ಹೊಳೆದ ಒಂದು ಹುಡುಗಾಟ, ಇದೊಂದೇ ಸಲ. ಕುರ್ಚಿ ಸಿಗುವುದಿಲ್ಲವೆಂದು ಗೊತ್ತಾಗಿ ಆಕೆ ಅದನ್ನು ದೊಡ್ಡದು ಮಾಡುತ್ತಿದ್ದಾಳೆ.

“ಒಂದ್ಸಲ ಅಂತಾರೆ. ನೀವು ಏಳು ತಿಂಗಳು ಅಂತೀರಿ,” ಎಂದರು ವಕೀಲೆ. “ಉಳಿದವು ಎಲ್ಲಿ?”

“ಅಳಿಸಿದೆ.”

“ಯಾಕೆ?”

“ನಿಯಮ ಮೇಡಂ. ಗಿರಾಕಿ ಕಾಗದ ಚೊಕ್ಕಟವಾಗಿ ಹೋಗಬೇಕು.”

ಮ್ಯಾನೇಜರು ಕುರ್ಚಿಗೆ ಒರಗಿದರು. “ನಿಯಮ ನಮ್ಮದೇ,” ಎಂದರು, ಸ್ವಲ್ಪ ನಿರಾಳವಾಗಿ.

ಮೇಷ್ಟ್ರನ್ನು ಕರೆಸಿದರು. ಅವರು ಏನಾದರೂ ನೋಡಿದ್ದರೇ?

“ನೋಡಿಲ್ಲ.”

“ಎದುರುಬದುರು ಕೂರೋರು ನೀವು. ಏನೂ ಗೊತ್ತಾಗಲಿಲ್ವಾ?”

ಮೇಷ್ಟ್ರು ಎದ್ದು ನಿಂತರು. “ಎರಡು ದಿನ ಟೈಮ್ ಕೊಡಿ,” ಎಂದರು.

ಕೋಣೆಯ ಮೇಲಿನ ಅಟ್ಟದಲ್ಲಿ ಹಳೆಯ ಪ್ರೂಫ್‌ಗಳನ್ನು ಮೂರು ವರ್ಷ ಕಟ್ಟು ಕಟ್ಟಿ ಇಡುತ್ತಿದ್ದರು. ಗಿರಾಕಿಗಳು ವಾಪಸ್ ಒಯ್ಯದ ಕಾಪಿಗಳೂ ಅಲ್ಲೇ. ಮೇಷ್ಟ್ರು ಅರವತ್ತರ ಮೊಣಕಾಲಿನಲ್ಲಿ ಏಣಿ ಹತ್ತಿ, ಆ ಏಳು ತಿಂಗಳ ಒಂದನೇ ಮೇಜಿನ ಪ್ರೂಫ್‌ಗಳಲ್ಲಿ ಕಾಪಿ ಉಳಿದಿದ್ದ ಒಂಬತ್ತು ಕೆಲಸಗಳ ಕಟ್ಟನ್ನು ಇಳಿಸಿದರು. ಸಮಿತಿಯ ಮುಂದೆ ಮೇಜಿನ ಮೇಲೆ ಎಡಕ್ಕೆ ಪ್ರೂಫ್, ಬಲಕ್ಕೆ ಕಾಪಿ ಹಾಸಿದರು. ಟೇಬಲ್ ಲ್ಯಾಂಪನ್ನು ಕಾಗದದ ಮಟ್ಟಕ್ಕೆ ಬಗ್ಗಿಸಿದರು.

“ಓದುವವರು ನಿಲ್ಲಬಾರದ ಕಡೆ ನಿಂತರೆ ನಾನು ಚುಕ್ಕಿ ಇಡ್ತೀನಿ. ಕೋಣೆಯಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಇದು ಪ್ರೂಫಿನ ಹದಿನಾಲ್ಕನೇ ಸಾಲಿನ ಚುಕ್ಕಿ. ಕಾಪಿಯಲ್ಲಿ ಅದೇ ಸಾಲಿನ ಅಂಚು ನೋಡಿ.”

ಓರೆ ಬೆಳಕಿನಲ್ಲಿ ಕಾಗದದ ಮೈ ಅಲ್ಲಿ ಉಜ್ಜಿ ಒರಟಾಗಿತ್ತು. ಉಜ್ಜಿದ ಕಡೆ ಪೆನ್ಸಿಲ್ ಒತ್ತಿದ ಗೆರೆಗಳ ತಗ್ಗು ಕಾಣುತ್ತಿತ್ತು. ‘ದಪ್ಪ ಅಕ್ಷರ’, ‘ಹೊಸ ಪ್ಯಾರಾ’ ಎಂದಿದ್ದ ಜಾಗಗಳೂ ಹಾಗೇ ಕಾಣುತ್ತಿದ್ದವು. ಆದರೆ ಅಲ್ಲಿ ಅವಳು ನಿಂತಿರಲಿಲ್ಲ, ಚುಕ್ಕಿಯೂ ಇರಲಿಲ್ಲ. ಒಂಬತ್ತು ಕೆಲಸಗಳಲ್ಲಿ ಚುಕ್ಕಿಗಳು ಇಪ್ಪತ್ತೇಳು. ಇಪ್ಪತ್ತಾರರ ಎದುರಿಗೆ ಅಂಚು ಉಜ್ಜಿಹೋಗಿತ್ತು. ಅದರಲ್ಲಿ ಐದನ್ನು ಹೊಲಿಗೆಯಕ್ಕ ಭೂತಗನ್ನಡಿ ಹಿಡಿದು ಪೂರ್ತಿ ಓದಿದಳು. ಗಟ್ಟಿಯಾಗಿ ಓದಲಿಲ್ಲ, ಓದಿ ವಕೀಲೆಯ ಕಡೆ ಸರಿಸಿದಳು. ಹೊಂದದೆ ಉಳಿದದ್ದು ಒಂದೇ ಚುಕ್ಕಿ.

“ಅದು ಕೆಮ್ಮು,” ಎಂದರು ಮೇಷ್ಟ್ರು. “ಆವತ್ತು ಅವಳಿಗೆ ನೆಗಡಿ.”

ಮೇಲ್ವಿಚಾರಕ ಕರವಸ್ತ್ರ ತೆಗೆದು ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ವಕೀಲೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದರು: “ಇಷ್ಟು ಸಲ ನಿಂತದ್ದು ನಿಮಗೆ ಕೇಳಿಸಿದೆ. ಯಾಕೆ ನಿಂತೆ ಅಂತ ಒಂದ್ಸಲನೂ ಕೇಳಲಿಲ್ವಾ?”

“ಇಲ್ಲ.”

“ಯಾಕೆ?”

“ಸಾಲು ಸರಿಯಾಗಿತ್ತು,” ಎಂದರು ಮೇಷ್ಟ್ರು.

ಅವಳು ಮೇಜಿನ ಆಚೆ ತುದಿಯಲ್ಲಿ ಕೂತಿದ್ದಳು. ಅವರ ಕಡೆ ನೋಡಲಿಲ್ಲ.

ಮೂರು ವಾರಕ್ಕೆ ವರದಿ ಬಂತು. ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಗಾಜಿನ ಕೋಣೆ ಖಾಲಿಯಾಯಿತು. ಎರಡನೇ ಮೇಜಿನ ಓದಮ್ಮ ಒಂದು ವಾರ ಅವಳೊಂದಿಗೆ ಮಾತಾಡಲಿಲ್ಲ, ಆಮೇಲೆ ಕೈತೊಳೆಯುವಲ್ಲಿ ಪಕ್ಕಕ್ಕೆ ನಿಂತು, “ನನ್ನ ಕಾಪಿಲೂ ಇರ್ತಿತ್ತು. ಹೋದ ವರ್ಷ,” ಎಂದಷ್ಟೇ ಹೇಳಿ ನಲ್ಲಿ ತಿರುಗಿಸಿದಳು.

ವರದಿಗೆ ಇನ್ನೊಂದು ಪುಟವಿತ್ತು. ಈ ಕೋಣೆಯಲ್ಲಿ ಇಲ್ಲಿಯವರೆಗೆ ಒಬ್ಬ ಹೆಂಗಸಿಗೂ ಪೆನ್ಸಿಲಿನ ಕುರ್ಚಿ ಕೊಡದಿರುವುದಕ್ಕೆ ಯಾವ ಕಾರಣವನ್ನೂ ಸಂಸ್ಥೆ ತೋರಿಸಿಲ್ಲ; ಒಬ್ಬ ಮೇಲ್ವಿಚಾರಕನ ಕೈಗೆ ಅಷ್ಟು ಬಲ ಬಂದದ್ದೇ ಅದರಿಂದ; ಕುರ್ಚಿಗೆ ಪರೀಕ್ಷೆಯಿಟ್ಟು ತುಂಬಬೇಕು. ಮ್ಯಾನೇಜರು ಆ ಪುಟವನ್ನು ಎರಡು ಸಲ ಮಡಚಿ, ಬಿಚ್ಚಿ, ಅವಳನ್ನು ಕರೆಸಿದರು.

“ಪರೀಕ್ಷೆ ಇಡೋಣ, ಅದಕ್ಕೇನಂತೆ. ಆದ್ರೆ ನೀನು ಆಚೆ ಕುರ್ಚಿಗೆ ಹೋದ್ರೆ ನಿನಗೆ ಓದೋರು ಯಾರಮ್ಮಾ?”

“ಇಲ್ಲೀತನಕ ನಾನು ಓದಿದ ಹಾಗೇ ಯಾರಾದ್ರೂ ಓದ್ತಾರೆ ಸರ್.”

ಮೂವತ್ತು ತಪ್ಪು ಬೆರೆಸಿದ ಹಾಳೆಯನ್ನು ಐದು ಜನಕ್ಕೆ ಕೊಟ್ಟರು. ನಾಲ್ವರು ಹೊರಗಿನಿಂದ ಬಂದ ಗಂಡಸರು. ಅವಳು ಇಪ್ಪತ್ತೊಂಬತ್ತು ಹಿಡಿದಳು. ಅವಳ ನಂತರದ ಸ್ಥಾನ ಪಡೆದವನು ಇಪ್ಪತ್ತಾರು. ಅವಳು ಬಿಟ್ಟ ಆ ಒಂದನ್ನು ಮ್ಯಾನೇಜರು ಎಲ್ಲರಿಗೂ ತೋರಿಸಿಕೊಂಡು ಬಂದು, ಆಮೇಲೆ ಸಹಿ ಹಾಕಿದರು.

ಹೊಸ ಓದುಗರು ಬರಲು ತಿಂಗಳು ಬೇಕಿತ್ತು. ಮೇಷ್ಟ್ರ ನಿವೃತ್ತಿಗೂ ಒಂದು ತಿಂಗಳಿತ್ತು. ಸೋಮವಾರ ಅವಳು ಬಂದಾಗ ಮೇಷ್ಟ್ರು ತಮ್ಮ ಪೆನ್ಸಿಲ್, ಅಡಿಪಟ್ಟಿ, ಕನ್ನಡಕದ ಡಬ್ಬಿಯನ್ನು ಎತ್ತಿಕೊಂಡು ಮೇಜಿನ ಈಚೆ ಬದಿಯ ಮೆತ್ತೆಯಿಲ್ಲದ ಕುರ್ಚಿಯಲ್ಲಿ ಕೂತಿದ್ದರು.

“ಮೇಷ್ಟ್ರು ಓದಮ್ಮ ಆದ್ರಲ್ಲಪ್ಪಾ!” ಎಂದ ಮೂರನೇ ಮೇಜಿನವನು.

“ಆದೆ ಕಣಪ್ಪಾ. ನಿಂಗೇನು ಕಷ್ಟ?” ಎಂದರು ಮೇಷ್ಟ್ರು.

ಅವಳು ಆಚೆ ಬದಿಯ ಕುರ್ಚಿಯಲ್ಲಿ ಕೂತಳು. ತೋಳಿನ ಮೇಲೆ ಕೈಯಿಟ್ಟಳು, ತೆಗೆದಳು. ಪೆನ್ಸಿಲ್ ಚೂಪು ಮಾಡಿಕೊಂಡಳು. ಕೆಲಸ ರೈಲಿನ ಹೊಸ ವೇಳಾಪಟ್ಟಿ. ಮೇಷ್ಟ್ರು ಮೂವತ್ತೊಂದು ವರ್ಷ ಕೇಳಿದವರು, ಒಂದು ದಿನವೂ ಓದಿದವರಲ್ಲ. ಮೊದಲ ಪುಟಕ್ಕೇ ದನಿ ಬಿರುಕು ಬಿಟ್ಟಿತು. ಆದರೂ ಓಟ ತಪ್ಪಲಿಲ್ಲ.

“ಹೊರಡುವುದು ಒಂಬತ್ತು ಚುಕ್ಕಿ ಇಪ್ಪತ್ತು. ಸೇರುವುದು ಹನ್ನೊಂದು ಚುಕ್ಕಿ ನಲವತ್ತು. ಆದಿತ್ಯವಾರ ಇಲ್ಲ ಪೂರ್ಣ. ಹೊರಡುವುದು ಹತ್ತು ಚುಕ್ಕಿ...”

ನಿಂತರು.

ಅವಳು ಸಾಲಿನ ನೇರಕ್ಕೆ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟಳು. ಪೆನ್ಸಿಲ್ ಕೆಳಗಿಟ್ಟು ತಲೆಯೆತ್ತಿದಳು.

“ಯಾಕೆ ನಿಲ್ಲಿಸಿದ್ರಿ ಮೇಷ್ಟ್ರೇ?”

ಮೇಷ್ಟ್ರು ಅವಳ ಮುಖ ನೋಡಿದರು. ಅವಳು ಕಾದಳು, ಮುಂದಿನ ಸಾಲಿಗೆ ಹೋಗಲಿಲ್ಲ.

“ಗಂಟಲು,” ಎಂದರು. “ಒಣಗಿತು.”

ಅವಳು ನೀರಿನ ಲೋಟವನ್ನು ಅವರ ಕಡೆ ಸರಿಸಿದಳು. ಅವರು ಕುಡಿದು ಮುಗಿಸುವವರೆಗೂ ಕಾದು, ರಬ್ಬರ್ ತೆಗೆದು ಆ ಚುಕ್ಕಿಯನ್ನು ಅಳಿಸಿದಳು.

“ಹತ್ತರಿಂದ ಮತ್ತೆ ಓದಿ,” ಎಂದಳು.